ಗಡ್ಡೆ ಕರಗಿದ ಮೇಲೆ

ಬುಧವಾರ, ಸಂಜೆ

ತಂಗೀ,

ನೀನು ಫೋನು ಎತ್ತುವುದನ್ನೇ ಬಿಟ್ಟಿದ್ದೀಯ, ಅದಕ್ಕೆ ಈ ಕಾಗದ. ನಾನು ಚೆನ್ನಾಗಿದ್ದೇನೆ. ಈ ಮಾತು ನಿನಗೆ ಸಿಹಿಯೋ ಕಹಿಯೋ ಎಂದು ಯೋಚಿಸಬೇಕಾಗಿ ಬಂತಲ್ಲ, ಅದೇ ನನ್ನ ಸಂಕಟ.

ಹಲ್ಲು ಕೀಳಿಸಿದ ಮೇಲೆ ದವಡೆಯಲ್ಲೆದ್ದ ಗಡ್ಡೆ ಮರದ ತುಂಡಿನಂತೆ ಗಟ್ಟಿಯಾದಾಗ, ಕ್ಯಾನ್ಸರೇ ಇರಬೇಕು, ಅರ್ಧ ದವಡೆ ತೆಗೆಯಬೇಕು ಎಂದರು ಸರ್ಜನ್. ರೈಲು ನಿಲ್ದಾಣದ ಮೈಕಿನ ಮುಂದೆ ಕೂತು ಬರುವ ಹೋಗುವ ಗಾಡಿಗಳನ್ನೆಲ್ಲ ಊರಿಗೆ ಕೇಳುವಂತೆ ಹೇಳುತ್ತಿದ್ದವಳು ಅವತ್ತು ನಿನಗೊಬ್ಬಳಿಗೇ ಪಿಸುದನಿಯಲ್ಲಿ ಫೋನು ಮಾಡಿದೆ. ನೀನು ಓಡಿ ಬಂದೆ. ಚಮಚದಲ್ಲಿ ಉಣಿಸಿದೆ, ತಲೆ ಬಾಚಿದೆ. ಮರೆತಿಲ್ಲ. ಆಮೇಲೆ ನೀನು ನನ್ನ ಒಬ್ಬಳೇ ಮಗಳನ್ನು ಬೇಡಿದೆ. "ಅಕ್ಕಾ, ಗುಬ್ಬೀನ ನಂಗೆ ಕೊಡು. ನಿನ್ನ ನರಳಾಟ ಅವಳ್ಯಾಕೆ ನೋಡ್ಬೇಕು?" ಅಪ್ಪನಂತೂ ಇಲ್ಲ, ಅಮ್ಮನೂ ಹೋದರೆ ಮಗುವಿಗೆ ಗತಿ ಯಾರು ಎಂದು ನಾನೇ ಅವಳ ಬಟ್ಟೆ ಮಡಚಿ ಕೊಟ್ಟೆ. ಇನ್ನು ಚಿಕ್ಕಮ್ಮನೇ ನಿನ್ನಮ್ಮ ಎಂದು ನನ್ನ ಬಾಯಿಂದಲೇ ಹೇಳಿಸಿದೆ ನೀನು.

ಆಪರೇಷನ್ನಿಗೆ ಮುಂಚೆಯೇ ಗಡ್ಡೆ ಒಡೆದು ಕೀವು ಸುರಿಯಿತು. ಅದರಲ್ಲಿ ಹಳದಿ ಮರಳಿನಂಥ ಕಾಳು. ಲ್ಯಾಬಿನಲ್ಲಿ ನೋಡಿದರೆ ಕ್ಯಾನ್ಸರಲ್ಲ. ಎಲ್ಲರ ಬಾಯಲ್ಲೂ ಸುಮ್ಮನಿರುವ ಬ್ಯಾಕ್ಟೀರಿಯಾ, ಹಲ್ಲು ಕಿತ್ತ ಗಾಯದಿಂದ ಒಳಹೊಕ್ಕಿತ್ತು. ಅಪರೂಪವಂತೆ, ತಿಂಗಳುಗಟ್ಟಲೆ ಪೆನಿಸಿಲಿನ್ ಕೊಟ್ಟರೆ ವಾಸಿಯಂತೆ. ಆಸ್ಪತ್ರೆಯ ಮೆಟ್ಟಿಲ ಮೇಲೇ ನಿಂತು ನಿನಗೆ ಫೋನು ಮಾಡಿದೆ. ಅಳುತ್ತೀಯ, ನಗುತ್ತೀಯ ಅಂದುಕೊಂಡಿದ್ದೆ. ನೀನು, "ಹಂಗಾದ್ರೆ ಈಗೇನ್ಮಾಡೋದು?" ಎಂದೆ.

ಗುಬ್ಬಿಯನ್ನು ವಾಪಸು ಕೇಳಿದರೆ, ಔಷಧಿ ಮುಗೀಲಿ ಅಂದೆ ನೀನು. ಮುಗಿಯಿತು. ಶಾಲೆ ಪರೀಕ್ಷೆ ಮುಗೀಲಿ ಅಂದೆ. ಅದೂ ಮುಗಿಯಿತು. ಹೋದ ತಿಂಗಳು, "ಮಗು ಒಗ್ಗಿಕೊಂಡಿದೆ, ಯಾಕೆ ಕೀಳ್ತೀಯ?" ಅಂದೆ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ! ನಾನು ಸತ್ತಿದ್ದರೆ ನನ್ನ ಫೋಟೋ ಮುಂದೆ ನೀನು ನಿಜವಾಗಿಯೂ ಅಳುತ್ತಿದ್ದೆ, ಗೊತ್ತು. ಬದುಕಿದ್ದೇ ತಪ್ಪಾಯಿತು.

ಭಾನುವಾರ ಬರುತ್ತೇನೆ. ಅವಳ ಚೀಲ ಸಿದ್ಧವಾಗಿರಲಿ.

ನಿನ್ನ ಒಡಹುಟ್ಟಿದವಳು,
ಅಕ್ಕ

ಹೇಳಬಾರದೆಂದಿದ್ದ ಮಾತು: ಕಳೆದ ವಾರ ಅವಳ ಶಾಲೆಯ ಗೇಟಿಗೆ ಬಂದಿದ್ದೆ. ಗುಬ್ಬಿ ನನ್ನ ಕೆನ್ನೆಯ ಕಲೆಯನ್ನೇ ನೋಡುತ್ತ ನಿಂತಳು. "ಸತ್ತೋಗ್ತೀನಿ ಅಂದಿದ್ದೆ ನೀನು" ಎಂದಳು. ಮನೆಗೆ ಹೋಗೋಣ ಬಾ ಎಂದು ಕೈ ಚಾಚಿದೆ. "ಅಮ್ಮ ಕಾಯ್ತಿದಾಳೆ" ಎಂದು ರಸ್ತೆಯಾಚೆ ನಿಂತಿದ್ದ ನಿನ್ನ ಕಡೆ ಓಡಿದಳು. ನೀನು ನನ್ನನ್ನು ನೋಡಲಿಲ್ಲ. ಭಾನುವಾರ ಚೀಲ ಕಟ್ಟಬೇಡ. ದೊಡ್ಡಮ್ಮ ಬರಲಾ ಅಂತಿದಾಳೆ ಎಂದು ಮೊದಲು ಅವಳನ್ನೇ ಕೇಳು.