ಎರಡು ಕೀ, ಒಂದೇ ಸ್ವರ

ಅಕ್ಟೋಬರ್ 9

ಮೀನಿನ ಗಂಜಿ, ಮಾತ್ರೆ, ಎಡಗೈ ವ್ಯಾಯಾಮ. ರಬ್ಬರ್ ಚೆಂಡು ಹಿಸುಕಿ ಹಿಸುಕಿ ಸಾಕಾಯಿತು. ಮಂಚದ ಕೆಳಗೆ ಎಸೆದೆ.

ನಿನ್ನೆ ನಮ್ಮ ಊರು ತೈನಾನ್‌ನಲ್ಲೇ ಮದುವೆ ಊಟ, ರಸ್ತೆಗೆ ಅಡ್ಡ ಚಪ್ಪರ. ಮತ್ತೆ ಅದೇ ಕಥೆ. ನಮ್ಮ ಗಾಯಕಿ ಬಾವ್-ಝು ತನ್ನ ಹಳೇ ಬಂದರಿನ ಹಾಡು ಹಾಡುತ್ತಿದ್ದಳು. ಎರಡನೇ ಸಾಲಿನ ಕೊನೆಗೆ ನನ್ನ ಕೀಬೋರ್ಡಿನ ಒಂದು ಕಪ್ಪು ಕೀ ಬೇಕು. ಹಾಡಿನ ಜೀವವೇ ಅದು. ಒತ್ತಿದೆ. ಪಕ್ಕದ ಬಿಳಿ ಕೀಯ ಸ್ವರ ಬಂತು. ಬೆರಳು ಜಾರಿತೇ? ಕಿವಿಗೆ ತಪ್ಪಾಗಿ ಕೇಳಿತೇ?

ಮೈಕ್ ಮುಚ್ಚಿಕೊಂಡು ಹೇಳಿದಳು, "ಅಕ್ಕಾ, ಕೈಲಾಗ್ದಿದ್ರೆ ಈ ವರ್ಷಕ್ಕೆ ಸಾಕು ಮಾಡ್ಬಿಡೋಣ್ವಾ?"

ಮೈಯೆಲ್ಲ ಉರಿಯಿತು. ಅವಳ ಮೇಲಲ್ಲ, ಈ ಬೆರಳುಗಳ ಮೇಲೆ.

ಅಕ್ಟೋಬರ್ 12

ಕಿವಿ ಡಾಕ್ಟರನ್ನು ಕಂಡು ಬಂದೆ. ಕಿವಿ ಚೆನ್ನಾಗಿದೆಯಂತೆ. ಹಾಗಾದರೆ ಕೆಟ್ಟಿರುವುದು ತಲೆ. ನನ್ನ ಹಾಗೆ ಸ್ಟ್ರೋಕ್ ಆದವರಿಗೆ... ಬರೆಯಲಾರೆ.

ಅಕ್ಟೋಬರ್ 20, ಮಧ್ಯಾಹ್ನ

ಕನ್ನಡಕ ಹಾಕಿಕೊಂಡು ಒಂದೊಂದೇ ಕೀ ಒತ್ತಿದೆ. ಬಿಳಿ. ಪಕ್ಕದ ಕಪ್ಪು. ಒಂದೇ ಸ್ವರ! ಮತ್ತೆ ಒತ್ತಿದೆ. ಒಂದೇ!

ಕೀಬೋರ್ಡ್ ಈಗ ನುಡಿಯುವುದು ಅಣ್ಣನ ಮಗ ಚೆಂಗ್-ಯು ಜೋಡಿಸಿಕೊಟ್ಟ ಲ್ಯಾಪ್‌ಟಾಪ್ ಮೂಲಕ. ಫೋನ್ ಮಾಡಿ ಕರೆಸಿದೆ.

"ಅದು ಸ್ಕೇಲ್ ಎಫೆಕ್ಟ್ ಅತ್ತೆ. ನೀವು ತಪ್ಪು ಕೀ ಒತ್ತಿದ್ರೂ ಹಾಡಿಗೆ ಹೊಂದೋ ಸ್ವರಾನೇ ಬರತ್ತೆ."

"ಯಾವಾಗ್ನಿಂದಲೋ?"

"ನೀವು ಆಸ್ಪತ್ರೆಯಿಂದ ಬಂದಾಗ್ನಿಂದ. ಜನ ನಗ್ತಿದ್ರು. ನನ್ ಕೈಲಿ ನೋಡಕ್ಕಾಗ್ಲಿಲ್ಲ."

"ನಕ್ರೆ ನಗ್ಲಿ! ನನ್ ತಲೆ ಕೆಟ್ಟಿದೆ ಅಂತ ನಾನೇ ನಂಬಿದ್ನಲ್ಲೋ, ಮುಠ್ಠಾಳ!"

ಆ ಕಪ್ಪು ಸ್ವರ ಹಾಡಿನ ಸ್ಕೇಲಿಗೆ, ಅಂದರೆ ಅದರ ಸ್ವರಗಳ ಸಾಲಿಗೆ, ಹೊರಗಿನದು. ಹೊರಗಿನದು ಅಂತಲೇ ಅದು ಕರುಳು ಹಿಂಡುವುದು. ಇವನ ಪೆಟ್ಟಿಗೆಗೆ ಅದು ತಪ್ಪಂತೆ! ಅವನೆದುರೇ ಆ ಎಫೆಕ್ಟನ್ನು ಆರಿಸಿದೆ. ಊಟಕ್ಕೂ ಕರೆಯಲಿಲ್ಲ.

ಅಕ್ಟೋಬರ್ 29

ಇವತ್ತಿನ ಮದುವೆಯಲ್ಲಿ ತಪ್ಪಿದೆ. ಒಂದೆರಡು ಕಡೆಯಲ್ಲ. ಮುಂದಿನ ಮೇಜಿನವನೊಬ್ಬ ನಕ್ಕ. ದುರುಗುಟ್ಟಿ ನೋಡಿದೆ, ತಲೆ ತಗ್ಗಿಸಿ ಏಡಿ ತಿನ್ನತೊಡಗಿದ.

ಬಂದರಿನ ಹಾಡು ಬಂತು. ಕಪ್ಪು ಕೀ ಒತ್ತಿದೆ. ನುಡಿಯಿತು! ಬಾವ್-ಝು ಹಾಡುತ್ತಲೇ ತಿರುಗಿ ನೋಡಿದಳು. ವೇದಿಕೆ ಇಳಿದ ಮೇಲೆ ನನ್ನ ಎಡಗೈ ಹಿಡಿದುಕೊಂಡು, "ಇಷ್ಟ್ ದಿನ ಎಲ್ಲಿಗ್ ಹೋಗಿದ್ದೆ, ಅಕ್ಕಾ?" ಅಂದಳು. ಹೊಸ ವರ್ಷದ ಊಟಗಳಿಗೂ ಒಪ್ಪಿಕೊಂಡೆವು.

ಎಡಗೈ ಕೂಡ ಬಲಗೈಗೆ ಸರಿಸಮ ನುಡಿದಿತ್ತು. ಯಂತ್ರ ಬೇಕಂತೆ ನನಗೆ!

ಅಕ್ಟೋಬರ್ 30, ಬೆಳಿಗ್ಗೆ

ಧೂಳು ಒರೆಸಲು ಲ್ಯಾಪ್‌ಟಾಪ್ ತೆರೆದೆ. ಪರದೆಯಲ್ಲಿ ಸ್ಕೇಲಿನ ಪಕ್ಕ ಇನ್ನೊಂದು ಪೆಟ್ಟಿಗೆ. 'ವೆಲಾಸಿಟಿ'. ಅದರ ದೀಪ ಇನ್ನೂ ಉರಿಯುತ್ತಿದೆ. ಚೆಂಗ್-ಯುಗೆ ಫೋನ್ ಮಾಡಿದೆ.

"ಮೆತ್ತಗೆ ಒತ್ತಿದ್ರೂ ಜೋರಾಗ್ ಒತ್ತಿದಂಗೇ ಕೇಳ್ಸುತ್ತೆ, ಅತ್ತೆ... ಎಡಗೈಗೆ. ಅದೊಂದನ್ನ ಮುಟ್ಬೇಡಿ, ದಮ್ಮಯ್ಯ."

ಫೋನ್ ಕುಕ್ಕಿದೆ. ಅದನ್ನೂ ಆರಿಸಿದೆ. ಎಡಗೈಯಲ್ಲಿ ಒತ್ತಿದೆ. ಇನ್ನೂ ಜೋರಾಗಿ ಒತ್ತಿದೆ. ಫ್ಯಾನಿನ ಸದ್ದೇ ಹೆಚ್ಚು.

ಅತ್ತುಬಿಟ್ಟೆ, ಸ್ವಲ್ಪ ಹೊತ್ತು. ಈಗ ಇಲ್ಲ.

ಮಂಚದ ಕೆಳಗಿಂದ ಚೆಂಡು ತೆಗೆದುಕೊಂಡೆ. ಹಿಸುಕುತ್ತಿದ್ದೇನೆ. ಆ ಹುಡುಗ ಈ ಕಡೆ ತಲೆ ಹಾಕಲಿ, ಅವನ ಕಿವಿಯನ್ನು ಇದೇ ಎಡಗೈಯಲ್ಲಿ—