ನಮ್ಮ ಹಡಗಿನ ಭಾನುವಾರಗಳು

ನನ್ನ ರತ್ನತ್ತಿಗೆಗೆ,

ನೀನು ಹೋಗಿ ವರ್ಷ ತುಂಬಿತು. ಇಷ್ಟು ದಿನ ದುಃಖಕ್ಕೆ ಬರೆಯಲಾಗಲಿಲ್ಲ ಅಂತ ಅಂದುಕೊಂಡಿದ್ದೆ. ಇವತ್ತು ಕೂತು ಬರೆಯುತ್ತಿರುವುದು ಸಿಟ್ಟಿನಿಂದ. ಪಾಪಿರೆಡ್ಡಿಪಟ್ಟಿಯ ಈ ಗಂಡನ ಮನೆಯಲ್ಲಿ ಕನ್ನಡ ಓದುವವರು ಯಾರೂ ಇಲ್ಲ. ಹಾಳೆಯನ್ನು ಟಿವಿಯ ಮುಂದೆ ತೆರೆದಿಟ್ಟು ಹೋದರೂ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಹಾಗಾಗಿ ಏನು ಬೇಕಾದರೂ ಬರೆಯಬಹುದು. ಓದಬೇಕಾದವಳು ನೀನೊಬ್ಬಳು. ಓದುತ್ತೀಯಾ?

ನೀನು ಹನೂರು ಕಡೆಯಿಂದ ತಮಿಳುನಾಡಿನ ಕೊಳತ್ತೂರಿನ ನಮ್ಮ ಮನೆಗೆ ಸೊಸೆಯಾಗಿ ಬಂದಾಗ ನನಗೆ ಇಪ್ಪತ್ತೆರಡು. ಅಮ್ಮ ಆಗಲೇ ಇರಲಿಲ್ಲ. ಅಣ್ಣ ಕುರಿ ಹೊಡೆದುಕೊಂಡು ಹೋದರೆ ಮನೆಯಲ್ಲಿ ನಾವಿಬ್ಬರೇ. ಮೂರನೆಯ ದಿನವೇ ನೀನು ನಗುತ್ತಾ, "ಇದೇನಮ್ಮಿ ನಿಮ್ಮ ಕನ್ನಡ, ಅರ್ಧಕ್ಕರ್ಧ ತಮಿಳೇ ಐತಲ್ಲ" ಅಂದೆ. ನನಗೆ ಮೈಯೆಲ್ಲ ಉರಿಯಿತು. "ಮಾತಾಡಕ್ಕೆ ಬತ್ತದೆ, ಬರಿಯಕ್ಕೆ ಬರಲ್ಲ. ಇಸ್ಕೂಲಲ್ಲಿ ಎಲ್ಲಾ ತಮಿಳು" ಅಂದೆ. ಆವತ್ತೇ ನೀನು ಕ್ಯಾಲೆಂಡರಿನ ಹಳೇ ಹಾಳೆ ಹರಿದು, ಹಿಂಭಾಗದಲ್ಲಿ ಅಕ್ಷರ ಬರೆದುಕೊಟ್ಟೆ. ಕ, ಖ, ಗ, ಘ ನೋಡಿ ನಾನು, "ಒಂದು 'ಕ' ಸಾಕಾಗಲ್ವಾ? ತಮಿಳಲ್ಲಿ ಒಂದರಲ್ಲೇ ಎಲ್ಲಾ ಓಡ್ತದೆ" ಅಂದಿದ್ದೆ. "ನಾವು ದುರಾಸೆಯವ್ರು ಕಣಮ್ಮಿ, ನಮಗೆ ನಾಲ್ಕೂ ಬೇಕು" ಅಂದಿದ್ದೆ ನೀನು. ಈಗ ಈ ಪತ್ರದಲ್ಲಿ ಎಲ್ಲಾದರೂ ತಪ್ಪು 'ಕ' ಬಿದ್ದಿದ್ದರೆ ತಿದ್ದುವವರು ಯಾರು?

ನಮ್ಮ ಹಡಗನ್ನು ಮೊದಲು ನೋಡಿದ ಭಾನುವಾರ ಕಡಲೆಕಾಯಿ ಬಿಡಿಸುತ್ತಾ ಕೂತಿದ್ದೆವು. ಮಧ್ಯಾಹ್ನ ಮೂರು ಗಂಟೆ. ಯಾವುದೋ ದೇಶದ ಧಾರಾವಾಹಿಗೆ ತಮಿಳು ಮಾತು ಹಾಕಿದ್ದರು. ಭೂಮಿ ಮುಳುಗಿದ ಮೇಲೆ ಇನ್ನೂರು ಜನ ಒಂದು ಹಡಗಿನಲ್ಲಿ ನಕ್ಷತ್ರಗಳ ನಡುವೆ ಹೊರಟಿದ್ದಾರೆ. ದಾರಿ ಎಷ್ಟು ದೂರವೆಂದರೆ ಹತ್ತಿದವರು ಯಾರೂ ಇಳಿಯುವತನಕ ಬದುಕಿರುವುದಿಲ್ಲ. ನಿನಗೆ ಆ ತಮಿಳು ಅರ್ಥವಾಗುತ್ತಿರಲಿಲ್ಲ. "ವಿಣ್ಕಲಂ ಅಂದ್ರೇನು?" ಅಂತ ಕೇಳಿದೆ. "ಆಕಾಶದಾಗೆ ಓಗೋ ಹಡಗು" ಅಂದೆ. ಕನ್ನಡದಲ್ಲಿ ವ್ಯೋಮನೌಕೆ ಅನ್ನುತ್ತಾರೆ ಅಂತ ನೀನೇ ಹೇಳಿ, ನೀನೇ ಮುಖ ಸಿಂಡರಿಸಿ, "ಬ್ಯಾಡ, ಹಡಗೇ ಚೆನ್ನಾಗೈತೆ" ಅಂದುಬಿಟ್ಟೆ. ಅಂದಿನಿಂದ ಅದು ನಮ್ಮ ಹಡಗು.

ನಿನ್ನ ಜೊತೆ ಓದಿದ ಶಾರದಾ ಮೇಡಂ ಮೈಸೂರಿನಲ್ಲಿ ಒಂದು ಸಣ್ಣ ವಾರಪತ್ರಿಕೆಯನ್ನು ಇಂಟರ್‌ನೆಟ್ಟಿನಲ್ಲಿ ನಡೆಸುತ್ತಿದ್ದರಲ್ಲ, ಅವರಿಗೆ ನೀನು ಸುಮ್ಮನೆ ಹಡಗಿನ ಬಗ್ಗೆ ನಾಲ್ಕು ಮಾತು ಕಳಿಸಿದ್ದೆ. ಅವರು ಅಚ್ಚು ಮಾಡಿ, ವಾರಾ ವಾರಾ ಬರೆ ಅಂದರು. ಅಲ್ಲಿಂದ ನಮ್ಮ ಭಾನುವಾರಗಳ ಬಣ್ಣವೇ ಬದಲಾಯಿತು. ಯಾರು ಏನಂದರು ಅಂತ ನಾನು ತಮಿಳಿನಿಂದ ಬಿಡಿಸಿ ಹೇಳಬೇಕು, ನೀನು ಒಂದೇ ಬೆರಳಿನಲ್ಲಿ ಮೊಬೈಲಿನಲ್ಲಿ ಬರೆಯಬೇಕು. ಕೊನೆಗೆ ಹತ್ತಕ್ಕೆ ಎಷ್ಟು ಮಾರ್ಕು ಅಂತ ಜಗಳ. ನೀನು ಬಲು ಗಟ್ಟಿ. "ಓದ ವಾರ ಕಾಲು ಮುರ್ಕಂಡೋನು ಈ ವಾರ ಓಡ್ತಾವ್ನೆ. ಮೂರು ಮಾರ್ಕು ಕಟ್" ಅನ್ನುತ್ತಿದ್ದೆ. ನಾನು ಅವನ ಪರವಾಗಿ ವಾದ ಮಾಡುತ್ತಿದ್ದೆ. ಅಷ್ಟು ನಕ್ಕಿದ್ದು ನಾನು ಬೇರೆ ಎಲ್ಲೂ ಇಲ್ಲ ಅತ್ತಿಗೆ. ಜೆರಾಕ್ಸ್ ಅಂಗಡಿಯಲ್ಲಿ ವಾರವಿಡೀ ಬೇರೆಯವರ ಕಾಗದ ತಿರುವಿ ಹಾಕುವವಳಿಗೆ ಭಾನುವಾರ ಒಂದು ಮಾತ್ರ ನನ್ನದು ಅನ್ನಿಸುತ್ತಿತ್ತು.

ನನ್ನ ಮದುವೆ ಗೊತ್ತಾದ ಆ ಕಾರ್ತಿಕದ ಭಾನುವಾರ ನೆನಪಿದೆಯಾ? ಹಡಗಿನ ಡಾಕ್ಟರಮ್ಮನಿಗೆ ತಾನೇ ಸಾಯುತ್ತಿದ್ದೇನೆ ಅಂತ ಗೊತ್ತಾಗುತ್ತದೆ. ಯಾರಿಗೂ ಹೇಳುವುದಿಲ್ಲ. ದಿನವೂ ಎಲ್ಲರ ಜೊತೆ ಕೂತು ಉಣ್ಣುತ್ತಾಳೆ, ನಗುತ್ತಾಳೆ, ಒಬ್ಬರಿಗೂ ಅನುಮಾನ ಬರುವುದಿಲ್ಲ. ನನಗೆ ಕೋಪ ಬಂತು. ಇಂಥ ಸುಳ್ಳು ಎಲ್ಲಾದರೂ ಉಂಟೇ ಅಂತ. ಆ ವಾರ ನೀನು ಮಾರ್ಕಿಗೆ ಜಗಳ ತೆಗೆಯಲಿಲ್ಲ. "ನೀನೇ ಯೋಳು, ಬರ್ಕತೀನಿ" ಅಂದೆ. ನಾನು ಹೇಳಿದೆ: ಒಂದೇ ಒಲೆಯ ಅನ್ನ ಉಣ್ಣುವವರಿಗೆ ಇದು ಗೊತ್ತಾಗದೆ ಇರುತ್ತದೆಯೇ? ಕಥೆ ಬರೆದವರಿಗೆ ಸಂಸಾರ ಗೊತ್ತಿಲ್ಲ. ಹತ್ತಕ್ಕೆ ಎರಡು. ನೀನು ಬೆರಳು ಎತ್ತಿ ಹಿಡಿದುಕೊಂಡು, "ಬರೀಲಾ? ಖಂಡಿತವಾ?" ಅಂತ ಕೇಳಿದೆ. "ಬರಿ" ಅಂದೆ. ನೀನು ಒಂದೊಂದೇ ಅಕ್ಷರ ಒತ್ತಿ ಬರೆದೆ.

ಸಂಕ್ರಾಂತಿ ಕಳೆದು ತೈ ತಿಂಗಳಲ್ಲಿ ನನ್ನ ಮದುವೆ. ಮೂವತ್ತೈದು ದಾಟಿದವಳಿಗೆ ಗಂಡು ಸಿಕ್ಕಿತು ಅಂತ ಊರೇ ಹೇಳಿತು. ಪಾಪಿರೆಡ್ಡಿಪಟ್ಟಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿರುವ ಮುರುಗೇಶ. ಅಜ್ಜನ ಕಾಲದಲ್ಲಿ ಕನ್ನಡದವರಂತೆ, ಈಗ ಮನೆ ತುಂಬ ತಮಿಳು. ಮದುವೆಯ ಕೆಲಸವೆಲ್ಲ ನಿನ್ನ ತಲೆಯ ಮೇಲೆ ಬಿತ್ತು. ನೀನು ಎಲ್ಲವನ್ನೂ ಎಡಗೈಯಲ್ಲೇ ಎತ್ತುತ್ತಿದ್ದೆ. ನೀರಿನ ಕೊಡ, ಅಕ್ಕಿ ಚೀಲ, ಎಲ್ಲ. ನಾನು ನೋಡಿದ್ದೆ. ಬಲಗೈಗೆ ಏನಾಯಿತು ಅಂತ ಒಂದು ಮಾತು ಕೇಳಿದ್ದರೆ… ಸೀರೆಯ ಬಣ್ಣದ ಬಗ್ಗೆ ಕೇಳಿದೆ. ಅರಿಶಿನದ ಶಾಸ್ತ್ರದಲ್ಲಿ ಫೋಟೋದವನು ತಡಮಾಡಿದ ಅಂತ ನಿನ್ನ ಮೇಲೇ ರೇಗಿದೆ.

ಮದುವೆಯಾದ ಮೇಲಿನ ಮೊದಲ ಭಾನುವಾರ ನಾನೇ ಫೋನು ಮಾಡಿದೆ. ನೀನು ಅಲ್ಲಿಯ ಟಿವಿಯಲ್ಲಿ ನೋಡು, ನಾನು ಇಲ್ಲಿ ನೋಡುತ್ತೇನೆ, ಮುಗಿದ ಕೂಡಲೇ ಮಾತಾಡೋಣ ಅಂತ. ಹಾಗೆಯೇ ನಡೆಯಿತು. ಇಲ್ಲಿ ವಾರವಿಡೀ ತಮಿಳಿನಲ್ಲಿ ಬದುಕಿ, ಆ ಒಂದು ಗಂಟೆಯಲ್ಲಿ ಇಡೀ ವಾರದ ಕನ್ನಡವನ್ನು ನಿನ್ನ ಕಿವಿಗೆ ಸುರಿಯುತ್ತಿದ್ದೆ. ಹಡಗು, ಅತ್ತೆ, ಅಂಗಡಿ, ಹೊಸ ಮಿಕ್ಸಿ. ನೀನು "ಊಂ" ಅನ್ನುತ್ತಿದ್ದೆ. ಯುಗಾದಿಗೆ ಬಂದಾಗ ನಿನ್ನ ರವಿಕೆ ಹೆಗಲಿನಿಂದ ಜಾರುತ್ತಿತ್ತು. "ಏನತ್ಗೆ ಇಂಗಾಗಿದ್ದೀಯ?" ಅಂದರೆ, "ಸುಗರ್ ಕಣಮ್ಮಿ, ಮಾತ್ರೆ ತಗತಾ ಇವ್ನಿ" ಅಂದೆ. ನಂಬಿದೆ. ಯಾಕೆ ನಂಬಿದೆ ಅತ್ತಿಗೆ? ನಂಬುವುದು ಸುಲಭವಾಗಿತ್ತು ಅಂತಲೇ ಅಲ್ಲವೇ?

ಆಷಾಢದಲ್ಲಿ, ಇಲ್ಲಿಯವರ ಆಡಿ ತಿಂಗಳಿಗೆ, ಹೊಸ ಮದುವೆಯ ಹೆಣ್ಣನ್ನು ತವರಿಗೆ ಕರೆದುಕೊಂಡು ಹೋಗಬೇಕು. ಬಟ್ಟೆ ಕಟ್ಟಿಟ್ಟು ಅಣ್ಣನ ದಾರಿ ಕಾಯುತ್ತಿದ್ದೆ. ಬಂದದ್ದು ಅವನ ಫೋನು, ಸೇಲಂ ಆಸ್ಪತ್ರೆಯಿಂದ. ಓಡಿ ಬಂದೆ. ನಿನ್ನ ಎದೆಯಲ್ಲಿ ಗಂಟಿತ್ತಂತೆ, ಮೈಗೆಲ್ಲ ಹರಡಿದೆಯಂತೆ. "ಈಗ್ಲೇ ಗೊತ್ತಾಗಿದ್ದು" ಅಂದ ಅಣ್ಣ, ನನ್ನ ಮುಖ ನೋಡದೆ. ಮೂರು ದಿನ ನಿನ್ನ ಪಕ್ಕದಲ್ಲಿ ಕೂತಿದ್ದೆ. ನೀನು ಕಣ್ಣು ಬಿಟ್ಟು ನೋಡುತ್ತಿದ್ದೆ, ಮಾತು ಬರಲಿಲ್ಲ. ತುಟಿ ಆಡಿಸಿದಾಗಲೆಲ್ಲ ನೀರು ಕೇಳುತ್ತಿದ್ದೀಯ ಅಂದುಕೊಂಡು ಚಮಚದಲ್ಲಿ ನೀರು ಬಿಟ್ಟೆ. ನೀರೇ ಕೇಳಿದ್ದಾ?

ನೀನು ಹೋದ ಮೇಲಿನ ಮೊದಲ ಭಾನುವಾರ ಹಡಗು ತನ್ನಷ್ಟಕ್ಕೆ ತಾನು ಬಂತು. ಯಾರಿಗೆ ಫೋನು ಮಾಡಲಿ? ನೋಡಿದ್ದನ್ನು, ನಾನು ತಂದಿಟ್ಟುಕೊಂಡಿದ್ದ ನಿನ್ನ ಮೊಬೈಲಿನಲ್ಲೇ ಬರೆದು, ನಿನ್ನ ಹೆಸರು ಹಾಕಿ, ಶಾರದಾ ಮೇಡಂಗೆ ಕಳಿಸಿದೆ. ಅವರಿಗೆ ಸುದ್ದಿ ಗೊತ್ತಿರಲಿಲ್ಲ, ನನಗೆ ಹೇಳಲು ಬಾಯಿ ಬರಲಿಲ್ಲ. ನಾಲ್ಕು ವಾರ ನೀನು ಅಲ್ಲಿ ಬದುಕಿದ್ದೆ ಅತ್ತಿಗೆ. ಐದನೆಯ ವಾರ ಅವರೇ ಫೋನು ಮಾಡಿದರು. "ರತ್ನ, ಹುಷಾರಾಗಿದ್ದೀಯ ತಾನೇ? ನಾಲ್ಕು ವಾರದಿಂದ ಎಲ್ಲದಕ್ಕೂ ಎಂಟು, ಒಂಬತ್ತು ಮಾರ್ಕು ಕೊಡ್ತಿದ್ದೀಯ. ನೀನು ಹಾಗೆಲ್ಲ ಕೊಡೋಳಲ್ವಲ್ಲೇ" ಅಂದರು. ನಾನು ಅತ್ತುಬಿಟ್ಟೆ. ಅವರಿಗೆ ಅರ್ಥವಾಯಿತು, ಅವರೂ ಅತ್ತರು. ಇನ್ನು ಮೇಲೆ ನಿಮ್ಮ ಹೆಸರಲ್ಲೇ ಬರೀರಿ ಮಾದೇವಿ, ಅಂದರು. ಆಗಲ್ಲ ಮೇಡಂ, ಅಂದೆ. ಅದಾಗಿ ಎರಡು ತಿಂಗಳಿಗೆ ಚಾನೆಲ್ಲಿನವರು ಹಡಗನ್ನು ಅರ್ಧ ದಾರಿಯಲ್ಲೇ ನಿಲ್ಲಿಸಿಬಿಟ್ಟರು. ಒಂದು ಭಾನುವಾರ ಮೂರು ಗಂಟೆಗೆ ಟಿವಿ ಹಾಕಿದರೆ ಅಡುಗೆ ಸ್ಪರ್ಧೆ. ಆ ಇನ್ನೂರು ಜನ ಏನಾದರು ಅಂತ ನನಗೆ ಗೊತ್ತಿಲ್ಲ. ತಿಳಿದುಕೊಳ್ಳುವ ಆಸೆಯೂ ಉಳಿದಿಲ್ಲ.

ಹೋದ ತಿಂಗಳು ನಿನ್ನ ವರ್ಷದ ಎಡೆಗೆ ಕೊಳತ್ತೂರಿಗೆ ಹೋಗಿದ್ದೆ. ನೆಂಟರೆಲ್ಲ ಎದ್ದ ಮೇಲೆ ಅಣ್ಣ, "ಅವಳು ಬರೀತಿದ್ಲಲ್ಲ, ಅದ್ನ ಓದು ಮಾದಿ. ನಂಗೆ ಓದಕ್ಕೆ ಬರಲ್ಲ" ಅಂದ. ನಾನು ಮೊಬೈಲಿನಲ್ಲಿ ಒಂದೊಂದೇ ತೆಗೆದು ಓದಿದೆ. ಕಾಲು ಮುರಿದವನ ವಿಷಯ ಬಂದಾಗ ನಕ್ಕ. ಡಾಕ್ಟರಮ್ಮನದು ಬಂತು. ಒಂದೇ ಒಲೆಯ ಅನ್ನ, ಅನ್ನುವಷ್ಟರಲ್ಲಿ ಕೈ ಎತ್ತಿ ನಿಲ್ಲಿಸಿದ.

"ಆ ವಾರವೇ ಡಾಕ್ಟ್ರು ಯೋಳಿದ್ದು" ಅಂದ.

"ಯಾವ ಡಾಕ್ಟ್ರು?"

"ಸೇಲಮ್ಮಲ್ಲಿ. ಒಡನೇ ಆಪರೇಷನ್ ಮಾಡ್ಬೇಕು ಅಂದ್ರು. ಇವಳು ಮದ್ವೆ ಮುಗೀಲಿ ಅಂದ್ಲು."

"ಯಾರ ಮದ್ವೆ?" ಅಂತ ಕೇಳಿದೆ. ಗೊತ್ತಿದ್ದೂ ಕೇಳಿದೆ.

"ನಿಂಗೆ ಯೋಳುದ್ರೆ ಮದ್ವೆ ನಿಲ್ಲಿಸ್ಬುಡ್ತೀಯ ಅಂತ ಮಾದೇಶ್ವರನ ಮ್ಯಾಲೆ ಆಣೆ ಹಾಕ್ಸ್ಕಂಡ್ಲು. ಮದ್ವೆ, ನೀವಿಬ್ರೂ ಮರುವೀಡಿಗೆ ಬಂದೋಗೋದು ಎಲ್ಲಾ ಮುಗಿಸಿ, ಶಿವರಾತ್ರಿ ಕಳುದು ಮಾಸಿ ತಿಂಗಳ ಕೊನೆಗೆ ಆಸ್ಪತ್ರೆಗೆ ಓದೋ. ಅಷ್ಟರಾಗೆ…" ಅಂತ ನಿಲ್ಲಿಸಿದ.

ಹೌದು, ಮದುವೆ ನಿಲ್ಲಿಸುತ್ತಿದ್ದೆ. ಮೂವತ್ತೈದಕ್ಕೆ ಆಗಿದ್ದು ಮೂವತ್ತಾರಕ್ಕೆ ಆಗುತ್ತಿತ್ತು, ಅಥವಾ ಆಗುತ್ತಲೇ ಇರಲಿಲ್ಲ. ಆಗದಿದ್ದರೆ ಏನು ಮುಳುಗುತ್ತಿತ್ತು? ನೀನಿರುತ್ತಿದ್ದೆ. ನನ್ನನ್ನು ಕೇಳದೆ ನನಗಾಗಿ ಸಾಯಲು ನಿನಗೆ ಯಾರು ಹೇಳಿದರು? ಗಂಡನ ಮುಖ ನೋಡಿದಾಗಲೆಲ್ಲ ಈಗ ಅದೇ ಲೆಕ್ಕ ಮನಸ್ಸಿಗೆ ಬರುತ್ತದೆ. ಅವನದೇನೂ ತಪ್ಪಿಲ್ಲ, ಒಳ್ಳೆಯವನು. ಅತ್ತೆ, "ಅಣ್ಣಿ ದಾನೇ, ಇನ್ನುಮಾ ಅಳುವ?" ಅಂತ ಕೇಳುತ್ತಾರೆ. ಅಣ್ಣನ ಹೆಂಡತಿ ತಾನೇ, ಇನ್ನೂ ಅಳುವುದಾ ಅಂತ. ಏನು ಹೇಳಲಿ? ಯಾವ ಭಾಷೆಯಲ್ಲಿ ಹೇಳಲಿ?

ಆವತ್ತು ಎಡೆಯ ಅನ್ನವನ್ನೂ ಉಣ್ಣದೆ ಚೀಲ ಎತ್ತಿಕೊಂಡು ಹೊರಟುಬಿಟ್ಟೆ. ಅಣ್ಣ ಬಸ್ ಸ್ಟ್ಯಾಂಡಿನತನಕ ಹಿಂದೆಯೇ ಬಂದ. ಮೇಟೂರು ಬಸ್ಸು ಬಂತು. ನಾನು ಹತ್ತಿ ಕೂತ ಮೇಲೆ, ಕಿಟಕಿಯ ಕೆಳಗೆ ನಿಂತು ಹೇಳಿದ. "ಅವಳೂ ಯೋಳಣ ಅಂತಾನೇ ಇದ್ಲು ಮಾದಿ. ಕೊನೇ ಐದು ಭಾನುವಾರ ಬೆಳಗ್ಗೆ ಎದ್ದೇಟ್ಗೆ, ಇವತ್ತು ಮಾದಿಗೆ ಯೋಳ್ಬುಡ್ತೀನಿ ಅನ್ನೋಳು. ನಿನ್ನ ಪೋನು ಬರೋದು. ನೀನು ಮಾತಾಡ್ತಾನೇ ಇರೋಳು. ಪೋನು ಇಟ್ಮ್ಯಾಲೆ, ಎಷ್ಟು ಕುಸಿಯಾಗವ್ಳೆ, ಇವತ್ತು ಬ್ಯಾಡ, ಮುಂದಿನ ವಾರ ಯೋಳ್ತೀನಿ ಅನ್ನೋಳು." ಅವನು ನನ್ನನ್ನು ದೂರಲು ಹೇಳಲಿಲ್ಲ. ಅದಕ್ಕೇ ತಡೆಯಲಾಗಲಿಲ್ಲ. ಆ ಐದು ವಾರ ನಾನು ಏನು ಮಾತಾಡಿದೆ ಅಂತ ಬಸ್ಸಿನುದ್ದಕ್ಕೂ ನೆನಪಿಸಿಕೊಂಡೆ. ಒಂದು ವಾರ ಪೂರ್ತಿ ಮಿಕ್ಸಿಯ ಬಗ್ಗೆ ಅತ್ತಿಗೆ. ಹಡಗಿನ ಬಗ್ಗೆಯೂ ಅಲ್ಲ.

ಮೂರು ವಾರ ಅಣ್ಣನಿಗೆ ಫೋನು ಮಾಡಲಿಲ್ಲ. ಮೊನ್ನೆ ಭಾನುವಾರ ಕೈ ತಾನಾಗಿ ಒತ್ತಿತು. "ನಾನು ಮಾತಾಡಲ್ಲ. ನೀನು ಮಾತಾಡು, ಕೇಳ್ತೀನಿ" ಅಂದೆ. "ನಾನೇನಮ್ಮ ಮಾತಾಡ್ಲಿ?" ಅಂದ. ಸುಮ್ಮನಿದ್ದೆ. "ಡ್ಯಾಮಲ್ಲಿ ನೀರು ಏರೈತೆ" ಅಂದ. ಸುಮ್ಮನಿದ್ದೆ. ಎರಡು ಕುರಿ ಈದಿವೆ ಅಂದ. ಆಮೇಲೆ ಅವನ ಉಸಿರಷ್ಟೇ ಕೇಳುತ್ತಿತ್ತು. ಬಾಯಿಗೆ ಎಷ್ಟೋ ಮಾತು ಬಂತು, ನುಂಗಿಕೊಂಡೆ. ತುಂಬ ಹೊತ್ತಾದ ಮೇಲೆ, "ಮಾದಿ, ಇದ್ದೀಯಾ?" ಅಂದ.

"ಇವ್ನಿ. ಯೋಳು."

"ಎರಡು ತಿಂಗಳಾಯ್ತು ಕಣಮ್ಮ, ಅನ್ನ ಗಂಟಲಲ್ಲಿ ಇಳೀತಾ ಇಲ್ಲ. ಯಾರ್ಗೂ ಯೋಳಿಲ್ಲ" ಅಂದ.

ಚೀಲ ಕಟ್ಟಿಟ್ಟಿದ್ದೇನೆ ಅತ್ತಿಗೆ. ನಾಳೆ ಬೆಳಗಿನ ಮೊದಲ ಬಸ್ಸಿಗೆ ಹೊರಡುತ್ತೇನೆ. ಅವನನ್ನು ಸೇಲಂಗೆ ಕರೆದುಕೊಂಡು ಹೋಗಿ ಡಾಕ್ಟರ ಎದುರು ಕೂರಿಸುತ್ತೇನೆ. ಅವರು ಏನು ಹೇಳಿದರೂ ಆ ಕೋಣೆಯಲ್ಲಿ ನಾನೂ ಇರುತ್ತೇನೆ.

ನಿನ್ನ ಮಾದಿ