ದಾರಿಯಲ್ಲಿ ನಿಂತ ಕೊಬ್ಬರಿ

ರೈಲ್ವೆ ಗೂಡ್ಸ್ ವಿಭಾಗದ ಅಧಿಕಾರಿಗಳ ಸನ್ನಿಧಿಗೆ,

೧. ಅರ್ಜಿದಾರ: ರಂಗಯ್ಯ, ನಿಟ್ಟೂರು, ಗುಬ್ಬಿ ತಾಲ್ಲೂಕು.
೨. ಸರಕು: ಊರವರೆಲ್ಲರ ಉಂಡೆ ಕೊಬ್ಬರಿ, ದೆಹಲಿಗೆ.
೩. ಈಗಿರುವ ಸ್ಥಳ: ತಿಳಿಯದು.

ಮಾನ್ಯರೇ,

ಲಾರಿಗಿಂತ ರೈಲೇ ಅಗ್ಗವೆಂದು ಊರವರನ್ನು ಒಪ್ಪಿಸಿದವನು ನಾನು. ವ್ಯಾಗನ್ ಹೊರಟಿದೆಯೆಂದೂ ದಾರಿಯಲ್ಲಿ ನಿಂತಿದೆಯೆಂದೂ ತಮ್ಮ ಕಚೇರಿಯವರೇ ಹೇಳುತ್ತಾರೆ. ಆಮೇಲೆ ಇಲ್ಲಿಂದ ಹೊರಟ ಲಾರಿಯ ಕೊಬ್ಬರಿ ದೆಹಲಿ ತಲುಪಿ, ಹಬ್ಬದ ಬೆಲೆಗೆ ಆಗಲೇ ಮಾರಾಟವಾಗಿದೆ. ಅದರಲ್ಲಿ ನಮ್ಮ ಮನೆಯದೂ ಇತ್ತೆಂದು ನಿನ್ನೆ ತಿಳಿದು ಪತ್ನಿ ವನಜಮ್ಮನನ್ನು ವಿಚಾರಿಸಿದೆ.

"ನಿಮ್ ಮಾತ್ಗೆ ಅರ್ಧ ರೈಲ್ಗೆ ಹಾಕಿಸ್ದೆ, ಹಬ್ಬದ್ ಯಾಪಾರಕ್ಕೆ ಅರ್ಧ ಲಾರಿಗೆ ಹಾಕಿಸ್ದೆ, ಬುಡಿ," ಎಂದಳು.

ಅಗ್ಗವಾದದ್ದು ದುಬಾರಿಯಾದದ್ದು ಹೇಗೆಂದು ನನಗೆ ಅರ್ಥವಾಗುತ್ತಿಲ್ಲ. ಮುಂದಿನ ಸರಕನ್ನು ಯಾವುದಕ್ಕೆ ಹಾಕಬೇಕೆಂದು ವನಜಮ್ಮನನ್ನು ಕೇಳಲು ಊರವರು ಜಗುಲಿಯಲ್ಲಿ ಕುಳಿತ ನನ್ನನ್ನು ದಾಟಿ ಒಳಗೆ ಹೋಗುತ್ತಿದ್ದಾರೆ. ವ್ಯಾಗನ್ ತಲುಪುವ ದಿನವನ್ನು ತಾವು ಖಚಿತವಾಗಿ ತಿಳಿಸಬೇಕೆಂದು ವಿನಂತಿ; ತಿಳಿಸಿದಲ್ಲಿ, ಅವರನ್ನು ಜಗುಲಿಯಲ್ಲೇ ನಿಲ್ಲಿಸಿಕೊಳ್ಳಬಲ್ಲೆ.

ಇಂತು,
(ಸಹಿ) ರಂಗಯ್ಯ

ಲಗತ್ತು: ಉತ್ತರಕ್ಕಾಗಿ ಲಕೋಟೆ ಒಂದು, ನನ್ನ ಹೆಸರಿಗೇ.